ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವುದು: ಸ್ನಾನ, ಊಟ, ಸಂಜೆ, ರಾತ್ರಿ

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅಪ್ಪ ಪರಿಚಯದ ಬೀದಿಯಲ್ಲೇ ದಾರಿ ತಪ್ಪಿದರೂ, ಅಮ್ಮ ಸಾರಿಗೆ ಮೂರು ಸಲ ಉಪ್ಪು ಹಾಕಿದರೂ "ವಯಸ್ಸಾಯ್ತು" ಎಂದು ಸುಮ್ಮನಾಗಿಬಿಡುತ್ತೇವೆ. ಮದುವೆಮನೆಯಲ್ಲಿ ಸಿಕ್ಕವರ ಹೆಸರು ಮರೆತು ಸಂಜೆ ಹೊತ್ತಿಗೆ ನೆನಪಾದರೆ ಅದು ವಯಸ್ಸು. ಮದುವೆಗೆ ಹೋಗಿ ಬಂದದ್ದೇ ಮರುದಿನ ನೆನಪಿಲ್ಲ ಎಂದಾದರೆ ಡಾಕ್ಟರ ಬಳಿ ಹೋಗಬೇಕು. ಡಿಮೆನ್ಷಿಯಾ ಎಂಬ ಈ ಮರೆವು ಮಿದುಳಿನ ಕಾಯಿಲೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಇದೆ ಎಂಬುದು ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು.

ಆರೈಕೆ ಶುರು ಮಾಡುವ ಮುನ್ನ ಒಂದು ಕೆಲಸ ಬಾಕಿ ಉಳಿಸಬೇಡಿ. ಇದು ನಿಜವಾಗಿ ಡಿಮೆನ್ಷಿಯಾವೇ ಎಂದು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೆ, ವಿಟಮಿನ್ ಬಿ12 ಕೊರತೆಯಾದರೆ, ರಕ್ತದಲ್ಲಿ ಸೋಡಿಯಂ ಇಳಿದರೆ, ಖಿನ್ನತೆ ಬಂದರೆ ಮರೆವು ಹೀಗೇ ಕಾಣುತ್ತದೆ, ಚಿಕಿತ್ಸೆ ಕೊಟ್ಟರೆ ಸುಧಾರಿಸುತ್ತದೆ. ಕೆಲವು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿದ್ದರೆ ಮರೆಯದೆ ಹೇಳಿ. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಹೆಪ್ಪುಗಟ್ಟಿ ಗೊಂದಲ ಶುರುವಾಗುವುದುಂಟು, ಸ್ಕ್ಯಾನಿಂಗ್‌ನಲ್ಲಿ ಅದು ಗೊತ್ತಾಗುತ್ತದೆ. ಕಿವಿ ಕೇಳುವುದನ್ನೂ ಕಣ್ಣಿನ ಪೊರೆಯನ್ನೂ ಅದೇ ಓಡಾಟದಲ್ಲಿ ನೋಡಿಸಿ. ಕೇಳಿಸದ, ಕಾಣಿಸದ ಹಿರಿಯರು ಇರುವುದಕ್ಕಿಂತ ಹೆಚ್ಚು ಗೊಂದಲದಲ್ಲಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲಾಗದವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ.

ಕಾಯಿಲೆ ಖಚಿತವಾದ ಮೇಲೆ ಒಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಬೇಕು. ಅವರನ್ನು ತಿದ್ದಲು ಆಗುವುದಿಲ್ಲ. ಮನೆಯನ್ನು, ಹೊತ್ತನ್ನು, ನಮ್ಮ ಮಾತಿನ ರೀತಿಯನ್ನು ಬದಲಾಯಿಸಬಹುದು. ಇಲ್ಲಿ ಹೇಳುವ ಉಪಾಯಗಳೆಲ್ಲ ಇದೇ ತಿಳಿವಳಿಕೆಯಿಂದ ಬಂದವು.

ಮಾತು

ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ಎದುರಿಗೆ ಬನ್ನಿ, ಅವರು ಕೂತಿದ್ದರೆ ನೀವೂ ಕೂತು ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಟಿವಿ ಆರಿಸಿ. ಒಂದು ಸಲಕ್ಕೆ ಒಂದೇ ವಿಷಯ, ಒಂದೇ ಚಿಕ್ಕ ವಾಕ್ಯ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮಾತು ಒಳಗಿಳಿಯಲು ಅಷ್ಟು ಹೊತ್ತು ಬೇಕು. ಉತ್ತರ ಬರಲಿಲ್ಲವೆಂದು ಬೇರೆ ಶಬ್ದಗಳಲ್ಲಿ ಮತ್ತೆ ಹೇಳಿದರೆ ಅವರ ಪಾಲಿಗೆ ಅದು ಎರಡನೇ ಪ್ರಶ್ನೆ. ಅದೇ ಶಬ್ದಗಳಲ್ಲಿ ಇನ್ನೊಮ್ಮೆ ಹೇಳಿ.

ನೆಂಟರು ಬಂದಾಗ ಆಗುವ ದೊಡ್ಡ ಹಿಂಸೆ "ನಾನು ಯಾರು ಹೇಳಿ ನೋಡೋಣ?" ಎಂಬ ಪರೀಕ್ಷೆ. ಅಜ್ಜಿಯ ಮುಖ ಆಗ ಬಾಡುವುದನ್ನು ಗಮನಿಸಿ. ಹೆಸರು ಗೊತ್ತಿಲ್ಲ, ಗೊತ್ತಿರಬೇಕಿತ್ತು ಎಂಬುದು ಮಾತ್ರ ಗೊತ್ತು, ಅದರ ನಾಚಿಕೆ ಇಡೀ ಸಂಜೆ ಉಳಿಯುತ್ತದೆ. ಬರುವವರಿಗೆ ಬಾಗಿಲಲ್ಲೇ ಹೇಳಿಬಿಡಿ: ಮೊದಲು ನಿಮ್ಮ ಹೆಸರು, ನಂಟು ಹೇಳಿ. "ದೊಡ್ಡಮ್ಮಾ, ನಾನು ರಮೇಶ, ನಿಮ್ಮ ತಂಗಿ ಮಗ" ಎಂದರೆ ಸಾಕು.

ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿದಾಗ "ಈಗ ತಾನೆ ಹೇಳಿದೆನಲ್ಲ" ಎನ್ನುವುದರಿಂದ ಏನೂ ಸಿಗುವುದಿಲ್ಲ. ಈಗ ತಾನೆ ಹೇಳಿದ್ದು ಅವರ ಪಾಲಿಗೆ ನಡೆದೇ ಇಲ್ಲ. ಎರಡು ಸಲ ಉತ್ತರಿಸಿ, ಮೂರನೇ ಸಲ ಕೈಗೆ ಕೆಲಸ ಕೊಡಿ: ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಟವಲ್ ಮಡಚುವುದು. ಕೈ ಕಲಿತದ್ದು ಹೆಸರು, ತಾರೀಖುಗಳಿಗಿಂತ ಬಹಳ ಕಾಲ ಉಳಿಯುತ್ತದೆ. ಮಡಚಿದ ಟವಲ್ ಸೊಟ್ಟಗಿದ್ದರೆ ಅವರ ಎದುರು ಮತ್ತೆ ಮಡಚಬೇಡಿ.

ಕಾಯಿಲೆ ಮುಂದುವರಿದಂತೆ ನಡುವೆ ಕಲಿತ ಭಾಷೆಗಳು ಮೊದಲು ಹೋಗುತ್ತವೆ. ಇಡೀ ಜೀವನ ಕಚೇರಿಯಲ್ಲಿ ಇಂಗ್ಲಿಷ್ ಆಡಿದವರು ಕನ್ನಡಕ್ಕೆ, ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದಕ್ಕೆ ಮರಳಬಹುದು. ಮಕ್ಕಳು ವಿದೇಶದಲ್ಲಿದ್ದು ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವವರೂ, ಕನ್ನಡ ಬಾರದ ಹೋಮ್ ನರ್ಸ್ ಇಟ್ಟುಕೊಳ್ಳುವವರೂ ಇದನ್ನು ಮೊದಲೇ ಯೋಚಿಸಬೇಕು. ನೋಡಿಕೊಳ್ಳಲು ಬರುವವರಿಗೆ ಮನೆಮಾತಿನ ಇಪ್ಪತ್ತು ಶಬ್ದಗಳನ್ನು ಅವರ ಲಿಪಿಯಲ್ಲೇ ಬರೆದು ಗೋಡೆಗೆ ಅಂಟಿಸಿ: ನೀರು, ಊಟ, ನೋವು, ಚಳಿ, ಬನ್ನಿ, ಕೂತ್ಕೊಳ್ಳಿ, ಹೆದರ್ಬೇಡಿ. ಒಂದಕ್ಕೆ, ಎರಡಕ್ಕೆ ಹೋಗುವುದಕ್ಕೆ ನಿಮ್ಮ ಮನೆಯಲ್ಲಿ ಆಡುವ ಮಾತು ಆ ಪಟ್ಟಿಯಲ್ಲಿ ಇರಲೇಬೇಕು.

ಸ್ನಾನ

ಹೆಚ್ಚಿನ ಮನೆಗಳಲ್ಲಿ ಜಗಳ ಹತ್ತುವುದು ಇಲ್ಲೇ. "ಆಗಲೇ ಆಯ್ತು" ಎನ್ನುತ್ತಾರೆ, ಬಾಗಿಲು ಹಿಡಿದು ನಿಲ್ಲುತ್ತಾರೆ, ಕೆಲವೊಮ್ಮೆ ಹೊಡೆಯುತ್ತಾರೆ. ಕಾರಣಗಳು ಹಲವು. ಸ್ನಾನವೆಂದರೆ ಹತ್ತು ಹನ್ನೆರಡು ಹೆಜ್ಜೆಗಳ ಕೆಲಸ, ಆ ಸರಪಳಿ ಅವರ ತಲೆಯಲ್ಲಿ ಕಡಿದುಹೋಗಿದೆ. ಒದ್ದೆ ನೆಲ ಹಳ್ಳದಂತೆ ಕಾಣಬಹುದು. ಚಳಿ. ಎಲ್ಲಕ್ಕಿಂತ ಹೆಚ್ಚಾಗಿ, ಮಗನೋ ಸೊಸೆಯೋ ಬಟ್ಟೆ ಬಿಚ್ಚುವುದು ಯಾರಿಗಾದರೂ ಮಾನದ ಪ್ರಶ್ನೆ. ಈ ಕ್ರಮದಲ್ಲಿ ಮಾಡಿ ನೋಡಿ.

1. ಅವರು ಜೀವನವಿಡೀ ಸ್ನಾನ ಮಾಡುತ್ತಿದ್ದ ಹೊತ್ತನ್ನೇ ಇಟ್ಟುಕೊಳ್ಳಿ. ಬೆಳಿಗ್ಗೆ ಆರಕ್ಕೆ ಮಿಂದು ದೇವರ ದೀಪ ಹಚ್ಚುತ್ತಿದ್ದವರನ್ನು ನಿಮ್ಮ ಅನುಕೂಲಕ್ಕೆ ಹನ್ನೊಂದಕ್ಕೆ ಎಬ್ಬಿಸಿದರೆ ಅದು ಅವರಿಗೆ ಸ್ನಾನದ ಹೊತ್ತೇ ಅಲ್ಲ.

2. ಕರೆಯುವ ಮುನ್ನ ಎಲ್ಲ ಸಿದ್ಧವಿರಲಿ. ಸೋಪು, ಎರಡು ದೊಡ್ಡ ಟವಲ್, ಹಾಕುವ ಕ್ರಮದಲ್ಲಿ ಜೋಡಿಸಿದ ಬಟ್ಟೆ, ರಬ್ಬರ್ ಮ್ಯಾಟ್, ಕೈ ಇರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿ. ಮಣೆ ಬೇಡ, ಕೂರುವಾಗಲೂ ಏಳುವಾಗಲೂ ಬೀಳುತ್ತಾರೆ. ಹಿಡಿದುಕೊಳ್ಳಲು ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿ, ಟವಲ್ ಹಾಕುವ ರಾಡ್ ಅವರ ಭಾರ ತಾಳುವುದಿಲ್ಲ. ಬಚ್ಚಲಿನ ಒಳಗಡೆಯ ಚಿಲಕ ತೆಗೆಸಿಬಿಡಿ.

3. ನೀರು ಉಗುರುಬೆಚ್ಚಗಿರಲಿ, ಸುಮಾರು 38 ಡಿಗ್ರಿ. ನಿಮ್ಮ ಮೊಣಕೈ ಅದ್ದಿ ನೋಡಿ. ಗೀಸರ್ ನಲ್ಲಿಯನ್ನು ಅವರ ಕೈಗೆ ಬಿಡಬೇಡಿ. ಬಿಸಿ ಯಾವುದು, ತಣ್ಣೀರು ಯಾವುದು ಎಂದು ತಿಳಿಯದೆ ಸುಟ್ಟುಕೊಳ್ಳುತ್ತಾರೆ.

4. "ಸ್ನಾನ ಮಾಡ್ತೀರಾ?" ಎಂದು ಕೇಳಬೇಡಿ, ಉತ್ತರ "ಬೇಡ" ಎಂದೇ ಬರುತ್ತದೆ. "ಬನ್ನಿ ಅಪ್ಪಾ, ನೀರು ಕಾದಿದೆ" ಎಂದು ಕೈ ಹಿಡಿದು ನಡೆಸಿ.

5. ಮೈಮೇಲೆ ಒಂದು ಟವಲ್ ಹೊದಿಸಿಯೇ ಬಟ್ಟೆ ತೆಗೆಯಿರಿ, ಅದು ಒದ್ದೆಯಾದರೆ ಆಗಲಿ. ಚೊಂಬಿನಿಂದ ನೇರ ತಲೆಗೆ ನೀರು ಸುರಿದರೆ ಬೆಚ್ಚಿಬಿದ್ದು ಎದ್ದು ನಿಲ್ಲುತ್ತಾರೆ. ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಬೆನ್ನಿಗೆ, ಹೆಗಲಿಗೆ. ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳಿ: "ಕಾಲಿಗೆ ನೀರು ಹಾಕ್ತೀನಿ." ಅವರ ಕೈಗೂ ಒಂದು ಚಿಕ್ಕ ಚೊಂಬೋ ಸೋಪು ಹಚ್ಚಿದ ಬಟ್ಟೆಯೋ ಕೊಡಿ. ಕೈ ತುಂಬಿದ್ದರೆ ತಳ್ಳುವುದು ಕಡಿಮೆ, ಎಷ್ಟೋ ಸಲ ತಾವೇ ಉಜ್ಜಿಕೊಳ್ಳುತ್ತಾರೆ.

6. ತಲೆಸ್ನಾನ ವಾರಕ್ಕೆ ಒಮ್ಮೆ ಸಾಕು, ಅದನ್ನು ಬೇರೆ ದಿನಕ್ಕೆ ಇಡಿ. ಎಣ್ಣೆ ಹಚ್ಚುವುದೆಂದರೆ ಕೆಲವರಿಗೆ ತುಂಬಾ ಇಷ್ಟ, ಆ ಆಸೆಗೆ ಬಚ್ಚಲಿಗೆ ಬರುತ್ತಾರೆ. ಆದರೆ ಎಣ್ಣೆ ತಲೆಗೆ ಮಾತ್ರ, ಅಂಗಾಲಿಗೂ ನೆಲಕ್ಕೂ ತಾಗದಿರಲಿ.

7. ಒರೆಸುವಾಗ ತೊಡೆಸಂದು, ಸ್ತನದ ಕೆಳಗೆ, ಕಾಲ್ಬೆರಳ ನಡುವೆ ಒಣಗಿದೆಯೇ ನೋಡಿ. ಹುಣ್ಣು, ಕೆಂಪು ಕಲೆ, ಬಿದ್ದ ಗಾಯ ಕಣ್ಣಿಗೆ ಬೀಳುವುದು ಈ ಐದು ನಿಮಿಷದಲ್ಲೇ. ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಎಷ್ಟು ಹೇಳಿದರೂ ಒಪ್ಪದಿದ್ದರೆ ಬಿಟ್ಟುಬಿಡಿ. ಅರ್ಧ ಗಂಟೆ ಕಳೆದು ಬೇರೆಯವರು ಕರೆದರೆ ಬರುವುದುಂಟು. ಆ ದಿನ ಕಂಕುಳು, ತೊಡೆಸಂದು, ಪಾದವನ್ನು ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೂ ನಡೆಯುತ್ತದೆ. ದಿನಾ ಮೀಯಲೇಬೇಕೆಂಬ ಮಡಿಯ ಪದ್ಧತಿಯನ್ನು ಇಲ್ಲಿ ಸಡಿಲಿಸುವುದರಿಂದ ಯಾರಿಗೂ ಕೆಡುಕಿಲ್ಲ.

ಬಟ್ಟೆಯ ಮಾತನ್ನೂ ಇಲ್ಲೇ ಮುಗಿಸೋಣ. ಸೀರೆ ಉಡಲು ಆಗದಾದಾಗ ಮುಂದೆ ಜಿಪ್ ಇರುವ ನೈಟಿ, ಪಂಚೆ ನಿಲ್ಲದಾದಾಗ ಎಲಾಸ್ಟಿಕ್ ಪೈಜಾಮ. ಸೀರೆಯಿಲ್ಲದೆ ಕಸಿವಿಸಿ ಪಡುವವರಿಗೆ ನೈಟಿ ಮೇಲೊಂದು ಹತ್ತಿಯ ಮೇಲುಹೊದಿಕೆ ಸೆರಗಿನಂತೆ ಹಾಕಿದರೆ ಸಮಾಧಾನವಾಗುತ್ತದೆ.

ಊಟ

ಸ್ಟೀಲ್ ತಟ್ಟೆ ಹೊಳೆಯುತ್ತದೆ, ಬಿಳಿ ತಟ್ಟೆಯಲ್ಲಿ ಅನ್ನ ಮೊಸರು ಕಾಣುವುದಿಲ್ಲ. ಕಣ್ಣು ಚೆನ್ನಾಗಿದ್ದರೂ ಬಣ್ಣದಿಂದ ಬಣ್ಣ ಬೇರ್ಪಡಿಸುವ ಶಕ್ತಿ ಮಿದುಳಿನಲ್ಲಿ ಕುಂದಿರುತ್ತದೆ. ಬಾಳೆಎಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಹಸಿರಿನ ಮೇಲೆ ಅನ್ನ ಎದ್ದು ಕಾಣುತ್ತದೆ. ಇಲ್ಲವೆಂದರೆ ಗಾಢ ಬಣ್ಣದ, ಚಿತ್ತಾರವಿಲ್ಲದ ತಟ್ಟೆ. ಪಲ್ಯ, ಕೋಸಂಬರಿ, ಉಪ್ಪಿನಕಾಯಿ ಎಲ್ಲ ಒಟ್ಟಿಗೆ ಬಡಿಸಿದರೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಸುಮ್ಮನೆ ಕೂರುತ್ತಾರೆ. ಒಂದಾದ ಮೇಲೆ ಒಂದು ಬಡಿಸಿ. ನೀವೂ ಎದುರು ಕೂತು ತಿನ್ನಿ, ನಿಮ್ಮ ಕೈ ನೋಡಿ ಅವರ ಕೈ ಏಳುತ್ತದೆ.

ನುಂಗಲು ತೊಂದರೆ ಶುರುವಾದಾಗ ನಮ್ಮ ಅಡುಗೆಯಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು ಮುದ್ದೆ. ಅಗಿಯದೆ ನುಂಗುವುದು ಅದರ ಪದ್ಧತಿ, ಗಂಟಲಿನ ಚಲನೆ ನಿಧಾನವಾದವರಿಗೆ ಆ ಅಂಟು ಉಂಡೆ ಅಡ್ಡ ನಿಲ್ಲಬಹುದು. ಅದೇ ರಾಗಿಯನ್ನು ಗಟ್ಟಿ ಅಂಬಲಿಯಾಗಿ ಕೊಡಿ. ಎರಡನೆಯದು ತಿಳಿಸಾರು ಅನ್ನ. ತೆಳು ನೀರು ಮೊದಲು ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಅನ್ನವನ್ನು ಗಟ್ಟಿ ತೊವ್ವೆ ತುಪ್ಪದಲ್ಲಿ ಚೆನ್ನಾಗಿ ಮಿದ್ದು ಕೊಡಿ. ಚಕ್ಕುಲಿ, ಕಡಲೆಬೀಜ, ಒಣ ಅವಲಕ್ಕಿ ನಿಲ್ಲಿಸಿ. ಬೆನ್ನು ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಅರ್ಧ ಚಮಚ ತುತ್ತು, ನುಂಗಿದ್ದನ್ನು ಕಂಡ ಮೇಲೆ ಮುಂದಿನದು. ಊಟವಾಗಿ 30 ನಿಮಿಷ ಮಲಗಿಸಬೇಡಿ. ಊಟದ ನಡುವೆ ಕೆಮ್ಮು, ಗೊರಗೊರ ದನಿ, ಪದೇಪದೇ ಜ್ವರ ಬಂದರೆ ಅನ್ನಾಹಾರ ಶ್ವಾಸಕೋಶಕ್ಕೆ ಹೋಗುತ್ತಿದೆ ಎಂದು ತಿಳಿದು ಡಾಕ್ಟರಿಗೆ ತೋರಿಸಿ.

"ನನಗೆ ಊಟವೇ ಹಾಕಿಲ್ಲ" ಎಂದು ಅಕ್ಕಪಕ್ಕದವರಿಗೆ ಹೇಳುವ ಹಿರಿಯರಿದ್ದಾರೆ. ಸೊಸೆಗೆ ಇದಕ್ಕಿಂತ ನೋಯಿಸುವ ಮಾತಿಲ್ಲ. ವಾದಿಸದೆ, ತಿಂದ ತಟ್ಟೆಯನ್ನು ಅರ್ಧ ಗಂಟೆ ಅವರ ಎದುರೇ ಬಿಡಿ, ಮತ್ತೆ ಕೇಳಿದರೆ ಒಂದು ಬಾಳೆಹಣ್ಣು ಕೊಡಿ. ದಿನದ ಊಟವನ್ನು ಐದಾರು ಸಣ್ಣ ಪಾಲು ಮಾಡಿದರೆ ಈ ದೂರು ತಾನಾಗಿ ಕಡಿಮೆಯಾಗುತ್ತದೆ. ತೂಕವನ್ನು ತಿಂಗಳಿಗೆರಡು ಸಲ ಬರೆದಿಡಿ. ಸಕ್ಕರೆ ಕಾಯಿಲೆ ಇರುವವರು ಮಾತ್ರೆ ನುಂಗಿ ಆಮೇಲೆ ಊಟ ಬೇಡವೆಂದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಮಾತ್ರೆ ಯಾವಾಗ ಕೊಡಬೇಕೆಂಬುದನ್ನು ಡಾಕ್ಟರ ಹತ್ತಿರ ಈ ಸಮಸ್ಯೆ ಹೇಳಿಯೇ ನಿರ್ಧರಿಸಿ.

ಕಕ್ಕಸಿಗೆ ಎರಡು ಗಂಟೆಗೊಮ್ಮೆ ನೀವೇ ಕರೆದೊಯ್ಯಿರಿ, ಕೇಳುವುದನ್ನು ಕಾಯಬೇಡಿ. ಸೀರೆ ಎಳೆದುಕೊಳ್ಳುವುದು, ಎದ್ದು ಕೂರುವುದು, ಮೂಲೆ ಹುಡುಕುವುದು ಅವರ ಸೂಚನೆ. ಬಾಗಿಲು ಹಗಲೆಲ್ಲ ತೆರೆದು ದೀಪ ಹಾಕಿಡಿ, ಕಂಡರೆ ನೆನಪಾಗುತ್ತದೆ.

ಸಂಜೆಯ ಗೊಂದಲ

ನಾಲ್ಕು ಗಂಟೆ ದಾಟಿದಂತೆ ಕೆಲವರು ಬೇರೆಯೇ ಆಗುತ್ತಾರೆ. ಗಂಟು ಕಟ್ಟಿಕೊಂಡು "ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ" ಎನ್ನುತ್ತಾರೆ. ಇದು ನಿಮ್ಮದೇ ಮನೆ, ಅಮ್ಮ ತೀರಿಕೊಂಡು ನಲವತ್ತು ವರ್ಷವಾಯಿತು ಎಂದು ಹೇಳಿದರೆ ಅವರಿಗೆ ಆ ಸಾವು ಈಗ ತಾನೆ ಆದಂತೆ. ಅತ್ತುಬಿಡುತ್ತಾರೆ, ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಅಳಿಸುತ್ತೀರಿ. ದಯವಿಟ್ಟು ಇದನ್ನು ಮಾಡಬೇಡಿ. ಮನೆ ಎಂದರೆ ಅವರ ಮನಸ್ಸಿನಲ್ಲಿ ಸುರಕ್ಷಿತವಾಗಿದ್ದ ಜಾಗ. "ನಿಮ್ಮೂರಲ್ಲಿ ಹಿತ್ತಲಲ್ಲಿ ಏನೇನು ಗಿಡ ಇತ್ತು?" ಎಂದು ಆ ಮನೆಯ ಮಾತನ್ನೇ ಎತ್ತಿ, ಹೇಳುತ್ತಾ ಹೇಳುತ್ತಾ ಚಪ್ಪಲಿ ಹಾಕಿಸಿ ಬೀದಿಯಲ್ಲಿ ಹತ್ತು ನಿಮಿಷ ಸುತ್ತಾಡಿಸಿ ವಾಪಸ್ ಕರೆತನ್ನಿ. ಬಾಗಿಲಲ್ಲಿ "ಬನ್ನಿ, ಮನೆಗೆ ಬಂದ್ವಿ" ಎಂದರೆ ಬಹಳ ಸಲ ಒಳಗೆ ಬರುತ್ತಾರೆ.

ಇದನ್ನು ಮೊದಲೇ ತಗ್ಗಿಸಲು ಮುಸ್ಸಂಜೆಗೆ ಮುಂಚೆಯೇ ಎಲ್ಲ ಕೋಣೆಗಳಿಗೂ ದೀಪ ಹಾಕಿ, ಪರದೆ ಎಳೆಯಿರಿ. ನೆರಳುಗಳು ಮನುಷ್ಯರಾಗಿ ಕಾಣುತ್ತವೆ. ಕತ್ತಲಾದ ಮೇಲೆ ಕಿಟಕಿ ಗಾಜಿನಲ್ಲಿ, ಕನ್ನಡಿಯಲ್ಲಿ ಕಾಣುವ ಮುದುಕ ಯಾರೋ ಅಪರಿಚಿತ ಎಂದು ಹೆದರುವವರಿದ್ದರೆ ಕನ್ನಡಿಗೆ ಬಟ್ಟೆ ಮುಚ್ಚಿ. ಟಿವಿ ವಾರ್ತೆಯ ಗಲಾಟೆ ಮನೆಯೊಳಗೇ ನಡೆಯುತ್ತಿದೆ ಎಂದೂ ಅನಿಸುವುದುಂಟು. ದಾಸರ ಪದವನ್ನೋ ವಚನವನ್ನೋ ಮೆಲ್ಲಗೆ ಹಾಕಿ. ಹೆಸರು ಮರೆತವರೂ ಸಾಲಿಗೆ ಸಾಲು ಸೇರಿಸಿ ಹಾಡುತ್ತಾರೆ.

ರಾತ್ರಿ ನಿದ್ದೆಗೆ ಹಗಲಲ್ಲೇ ಕೆಲಸ. ಬೆಳಿಗ್ಗೆ ಅರ್ಧ ಗಂಟೆ ಬಿಸಿಲು, ನಡಿಗೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ, ಮಧ್ಯಾಹ್ನದ ನಂತರ ಕಾಫಿ ಬೇಡ. ಮಂಚದಿಂದ ಕಕ್ಕಸಿನವರೆಗೆ ರಾತ್ರಿಯಿಡೀ ಚಿಕ್ಕ ದೀಪ ಉರಿಯಲಿ, ಆ ದಾರಿಯಲ್ಲಿ ಚಾಪೆ, ಕಾಲೊರಸು ಇರಬಾರದು.

ಮನೆಬಿಟ್ಟು ಹೋಗುವುದು

ಬಾಗಿಲ ಬಳಿಯ ಚಪ್ಪಲಿ, ಛತ್ರಿ, ಕೈಚೀಲ ಕಂಡರೆ ಹೊರಡುವ ನೆನಪು ಬರುತ್ತದೆ. ಅವನ್ನು ಕಣ್ಣಿಗೆ ಬೀಳದಂತಿಡಿ. ಮುಂಬಾಗಿಲಿಗೆ ಕಣ್ಣಿನ ಮಟ್ಟಕ್ಕಿಂತ ಬಹಳ ಮೇಲೆ ಇನ್ನೊಂದು ಚಿಲಕ, ತೆರೆದರೆ ಸದ್ದಾಗುವ ಗೆಜ್ಜೆ ಅಥವಾ ಬೆಲ್. ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದು ಮಾತ್ರ ಬೇಡ, ಬೆಂಕಿ ಹತ್ತಿದರೆ ದಾರಿಯಿಲ್ಲ. ಜೇಬಿನ ಚೀಟಿ ಬಿದ್ದುಹೋಗುತ್ತದೆ. ಅಂಗಿಯ, ರವಿಕೆಯ ಒಳಬದಿಗೆ ಎರಡು ಫೋನ್ ನಂಬರ್ ಬರೆದ ಬಟ್ಟೆಪಟ್ಟಿ ಹೊಲಿಯಿರಿ. ಇಸ್ತ್ರಿ ಅಂಗಡಿಯವರು, ಹೂವಿನವರು, ಆಟೋ ಸ್ಟ್ಯಾಂಡಿನವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಇವರಿಗೆಲ್ಲ ಒಮ್ಮೆ ಕಾಯಿಲೆಯ ವಿಷಯ ತಿಳಿಸಿ ನಂಬರ್ ಕೊಡಿ. ಮುಚ್ಚಿಟ್ಟ ಮನೆಗಳಲ್ಲಿ ಹುಡುಕಾಟ ತಡವಾಗುತ್ತದೆ.

ಕಾಣೆಯಾದದ್ದು ತಿಳಿದ ಕೂಡಲೇ ಮೊದಲು ಮನೆಯೊಳಗೆ, ಮಹಡಿ, ಕಾರಿನೊಳಗೆ. ಆಮೇಲೆ ನೀರಿರುವ ಜಾಗ: ಬಾವಿ, ಸಂಪು, ಕೃಷಿಹೊಂಡ, ಕೆರೆ. ಅದಾದ ಮೇಲೆ ಹಳೆಯ ಅಭ್ಯಾಸದ ದಾರಿ, ಅಂದರೆ ದೇವಸ್ಥಾನ, ಬಸ್ ಸ್ಟಾಪ್, ಹಿಂದೆ ಇದ್ದ ಮನೆ, ದುಡಿದ ಕಚೇರಿ. 15 ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ದಿನಾ ಬೆಳಿಗ್ಗೆ ಬಟ್ಟೆ ಹಾಕಿದ ಮೇಲೆ ಒಂದು ಫೋಟೋ ತೆಗೆದಿಟ್ಟರೆ ಪೊಲೀಸರಿಗೆ ಆ ದಿನದ ಉಡುಪಿನ ಚಿತ್ರವೇ ಸಿಗುತ್ತದೆ.

ಕಳ್ಳತನದ ಆರೋಪ, ಅಡುಗೆಮನೆ, ಔಷಧಿ

ತಾವೇ ಬಚ್ಚಿಟ್ಟು, ಬಚ್ಚಿಟ್ಟದ್ದು ಮರೆತು, ಕೆಲಸದವಳೋ ಸೊಸೆಯೋ ಕದ್ದಳು ಎನ್ನುವುದು ಈ ಕಾಯಿಲೆಯಲ್ಲಿ ಸಾಮಾನ್ಯ. "ನಾನು ಮುಟ್ಟಿಲ್ಲ" ಎಂದು ಆಣೆ ಹಾಕುವ ಬದಲು "ಬನ್ನಿ, ಹುಡುಕೋಣ" ಎನ್ನಿ. ಅಕ್ಕಿ ಡಬ್ಬಿ, ದಿಂಬಿನ ಕವರ್, ದೇವರ ಪಟದ ಹಿಂದೆ, ಸೀರೆಯ ಮಡಿಕೆ ನೋಡಿ, ಕಸ ಎಸೆಯುವ ಮುನ್ನ ಬುಟ್ಟಿಯನ್ನೂ. ಸಿಕ್ಕಿದಾಗ ಅದನ್ನು ಅವರೇ ಕಂಡುಹಿಡಿಯುವಂತೆ ಮಾಡಿ. ಚಿನ್ನವನ್ನು ಮಕ್ಕಳೆಲ್ಲರ ಎದುರು ಪಟ್ಟಿ ಮಾಡಿ ಲಾಕರ್‌ನಲ್ಲಿಟ್ಟು, ಕೈಗೆ ಒನ್ ಗ್ರಾಂ ಗೋಲ್ಡ್ ಬಳೆ ಹಾಕಿದರೆ ಕೈ ಬರಿದಾಯಿತೆಂಬ ದುಃಖವೂ ಇರುವುದಿಲ್ಲ.

ಗ್ಯಾಸ್ ಒಲೆಯಲ್ಲ, ಪ್ರತಿ ಸಲ ಸಿಲಿಂಡರ್‌ನ ರೆಗ್ಯುಲೇಟರನ್ನೇ ಮುಚ್ಚಿ. ಹಳೆಯ ನೀರಿನ ಬಾಟಲಿಯಲ್ಲಿ ಫಿನೈಲ್, ಆ್ಯಸಿಡ್ ತುಂಬಿಡುವ ಅಭ್ಯಾಸ ಇಂದೇ ನಿಲ್ಲಿಸಿ, ನೀರೆಂದು ಕುಡಿಯುತ್ತಾರೆ. ದೇವರ ಮುಂದೆ ಎಣ್ಣೆದೀಪದ ಜಾಗಕ್ಕೆ ಬ್ಯಾಟರಿ ದೀಪ.

ಔಷಧಿಯ ವಿಷಯದಲ್ಲಿ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ನೆಗಡಿಗೆ, ತುರಿಕೆಗೆ ಮೆಡಿಕಲ್ ಶಾಪಿನಿಂದ ತಂದು ಕೊಡುವ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಗಳು ಮರೆವನ್ನೂ ಗೊಂದಲವನ್ನೂ ಹೆಚ್ಚಿಸುತ್ತವೆ. ಆಲ್‌ಪ್ರಜೋಲಂನಂಥ ನಿದ್ದೆ ಮಾತ್ರೆಗಳೂ ಹಾಗೇ, ಜೊತೆಗೆ ಬೀಳಿಸುತ್ತವೆ. ಕೋಪ, ಕೂಗಾಟಕ್ಕೆ ಕೊಡುವ ಮಾನಸಿಕ ರೋಗದ ಔಷಧಿಗಳಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಡಾಕ್ಟರು ಬರೆದಾಗ ಎಷ್ಟು ದಿನಕ್ಕೆ ಎಂದು ಕೇಳಿ. ಮರೆವಿಗೆ ಡಾಕ್ಟರು ಕೊಡುವ ಡೊನೆಪೆಜಿಲ್ ಮಾತ್ರೆ ಶುರುವಾದ ಮೇಲೆ ಕೆಟ್ಟ ಕನಸು, ಭೇದಿ, ಹಸಿವಿಲ್ಲದಿರುವುದು, ತಲೆಸುತ್ತು ಬಂದರೆ ತಿಳಿಸಿ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದರೇ ಕನಸು ನಿಲ್ಲಬಹುದು.

ಡಿಮೆನ್ಷಿಯಾ ತಿಂಗಳುಗಳಲ್ಲಿ ಹೆಚ್ಚುತ್ತದೆ. ನಿನ್ನೆ ಸರಿಯಿದ್ದವರು ಇಂದು ತೂಕಡಿಸುತ್ತಾ, ಇಲ್ಲದ್ದನ್ನು ಕಾಣುತ್ತಾ, ಗುರುತು ಹಿಡಿಯದೆ ಇದ್ದರೆ ಅದನ್ನು ಕಾಯಿಲೆ ಜಾಸ್ತಿಯಾಯಿತು ಎಂದುಕೊಳ್ಳಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ನ್ಯುಮೋನಿಯಾ, ಹೊಸ ಮಾತ್ರೆ, ಬಿದ್ದ ಪೆಟ್ಟು, ಇವುಗಳಲ್ಲಿ ಒಂದು ಇದ್ದೇ ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರದಿ ಯಾರದು?

ಎರಡು ತಿಂಗಳು ದೊಡ್ಡ ಮಗನ ಮನೆ, ಎರಡು ತಿಂಗಳು ಮಗಳ ಮನೆ ಎಂಬ ಸರದಿ ನಮ್ಮಲ್ಲಿ ನ್ಯಾಯವೆನಿಸಿದೆ. ಈ ಕಾಯಿಲೆಯವರಿಗೆ ಅದು ಕಷ್ಟ. ಕಕ್ಕಸು ಯಾವ ಕಡೆ, ಮಂಚದ ಯಾವ ಬದಿಗೆ ಇಳಿಯಬೇಕು ಎಂಬುದನ್ನು ಮೈ ಕಲಿಯುವಷ್ಟರಲ್ಲಿ ಮನೆ ಬದಲಾಗುತ್ತದೆ. ಪ್ರತಿ ಸಲ ಒಂದಿಷ್ಟು ಕಳೆದುಕೊಂಡೇ ಬರುತ್ತಾರೆ. ಅವರು ಒಂದೇ ಮನೆಯಲ್ಲಿರಲಿ, ಮಕ್ಕಳು ಸರದಿಯಲ್ಲಿ ಬಂದು ಹೋಗಲಿ. ಬರಲಾಗದವರು ಹೋಮ್ ನರ್ಸಿನ ಸಂಬಳ, ಡೈಪರ್, ಔಷಧಿಯ ಖರ್ಚು ಹೊರಲಿ. ಇದನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಯಿರಿ. ಮುಖ್ಯವಾಗಿ ನೋಡಿಕೊಳ್ಳುವವರಿಗೆ, ಅದು ಹೆಚ್ಚಾಗಿ ಸೊಸೆಯೋ ಹೆಂಡತಿಯೋ ಆಗಿರುತ್ತಾರೆ, ವಾರಕ್ಕೆ ಒಂದು ರಾತ್ರಿ ಪೂರ್ತಿ ನಿದ್ದೆ ಮತ್ತು ಅರ್ಧ ದಿನದ ಬಿಡುವು ಆ ಕಾಗದದ ಮೊದಲ ಸಾಲಾಗಿರಲಿ. ಅವರು ಹಾಸಿಗೆ ಹಿಡಿದರೆ ಇಬ್ಬರು ರೋಗಿಗಳಾಗುತ್ತಾರೆ. ಮನಸ್ಸು ಕುಸಿದಾಗ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ 14416 ಹಗಲೂ ರಾತ್ರಿ ಇದೆ. ಹಿರಿಯರ ಸಹಾಯವಾಣಿ 14567. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಈ ಕಾಯಿಲೆಯವರಿಗಾಗಿಯೇ ಕೇಂದ್ರ ನಡೆಸುತ್ತದೆ.

ಕಾಗದಪತ್ರ

ಇದನ್ನು ಕಾಯಿಲೆಯ ಮೊದಲ ವರ್ಷದಲ್ಲೇ ಮಾಡಿ, ಅವರಿಗೆ ಇನ್ನೂ ಅರ್ಥವಾಗುವಾಗ. ಬ್ಯಾಂಕ್ ಖಾತೆಯನ್ನು ಜಂಟಿ ಮಾಡಿ ಐದರ್ ಆರ್ ಸರ್ವೈವರ್ (ಇಬ್ಬರಲ್ಲಿ ಯಾರು ಬೇಕಾದರೂ, ಒಬ್ಬರಿಲ್ಲದಾಗ ಉಳಿದವರು ನಡೆಸಬಹುದು) ಎಂದು ಬರೆಸಿ, ಎಲ್ಲ ಠೇವಣಿಗಳಿಗೂ ನಾಮಿನಿ ಹಾಕಿಸಿ. ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ (ಜಿಪಿಎ) ಮಾಡಿಸಿಕೊಂಡಿದ್ದೇವೆ, ಸಾಕು ಎಂದು ನಂಬಬೇಡಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕರಾರು ಕಾಯ್ದೆಯ ಪ್ರಕಾರ ಅದು ಅಲ್ಲಿಗೆ ಮುಗಿಯುತ್ತದೆ, ಆಮೇಲೆ ಕೋರ್ಟಿಗೇ ಹೋಗಬೇಕಾಗುತ್ತದೆ. ವಿಲ್ ಬರೆಯುವ ದಿನವೇ ಅವರಿಗೆ ಅರಿವಿದೆ ಎಂಬ ಡಾಕ್ಟರ ಪ್ರಮಾಣಪತ್ರ ಪಡೆಯಿರಿ, ಸಾಧ್ಯವಾದರೆ ಆ ಡಾಕ್ಟರನ್ನೇ ಸಾಕ್ಷಿ ಮಾಡಿ. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ನವೆಂಬರ್‌ನಲ್ಲಿ ಅವರನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ಫೋನಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಬಹುದು, ಅಂಚೆಯವರನ್ನು ಮನೆಗೇ ಕರೆಸಲೂಬಹುದು. ಬೆಳಗಿನ ಹೊತ್ತು ಮಾಡಿಸಿ, ಸಂಜೆ ಅವರು ಕ್ಯಾಮೆರಾ ನೋಡುವುದಿಲ್ಲ.